ದೆವ್ವಗಳ ಪರವಾಗಿ ಒಂದಿಷ್ಟು ಮಾತು

ನಮ್ಮ ವಲಯದಲ್ಲಿ ದೆವ್ವದ ಕತೆ ಅಂದ ತಕ್ಷಣ ಎರಡು ತರದವರು ಮುಖ ಸಿಂಡರಿಸ್ತಾರೆ. ಒಬ್ಬರು ಸಾಹಿತ್ಯದವರು. ಅವರಿಗೆ ಅದು ಬಸ್‌ಸ್ಟ್ಯಾಂಡಿನಲ್ಲಿ ಸಿಗೋ ಅಗ್ಗದ ಸರಕು. ಇನ್ನೊಬ್ಬರು ವಿಚಾರವಾದಿಗಳು. 'ಬಾಬಾಸಾಹೇಬರ ಮಕ್ಕಳಾಗಿ ದೆವ್ವ, ಪಿಶಾಚಿ ಅಂತ ಕೂತಿದ್ದೀರಲ್ಲ' ಅನ್ನೋದು ಅವರ ತಕರಾರು. ಎರಡನೆಯವರ ಮೇಲೆ ನನಗೆ ಗೌರವ ಇದೆ, ಅವರ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಒಬ್ಬ ಹೆಣ್ಣುಮಗಳ ವಿಷಯ ಹೇಳಬೇಕು.

ಹೆಸರು ತನನರೀವ್ ಡ್ಯೂ. ಅಮೆರಿಕದ ಕಪ್ಪು ಲೇಖಕಿ. 1966ರಲ್ಲಿ ಫ್ಲೋರಿಡಾದಲ್ಲಿ ಹುಟ್ಟಿದವರು. ಮಗಳಿಗೆ ಅಪ್ಪ ಅಮ್ಮ ಮಡಗಾಸ್ಕರ್ ರಾಜಧಾನಿಯ ಹೆಸರಿಟ್ಟರು ಅಂದ್ರೆ ಆ ಮನೆ ಎಂಥದ್ದಿರಬಹುದು ಊಹಿಸಿ. ಅಪ್ಪ ಜಾನ್ ಡ್ಯೂ ನಾಗರಿಕ ಹಕ್ಕುಗಳ ವಕೀಲ. ಅಮ್ಮ ಪೆಟ್ರೀಷಿಯಾ ಸ್ಟೀಫನ್ಸ್ ಡ್ಯೂ ಹೋರಾಟಗಾರ್ತಿ. 1960ರ ಫೆಬ್ರವರಿಯಲ್ಲಿ ಟ್ಯಾಲಹಾಸಿಯ ವುಲ್ವರ್ತ್ ಅಂಗಡಿಯಲ್ಲಿ, ಬಿಳಿಯರಿಗೆ ಮಾತ್ರ ಊಟ ಕೊಡೋ ಕೌಂಟರಿನಲ್ಲಿ ಕೂತಿದ್ದಕ್ಕೆ ಅರೆಸ್ಟ್ ಆದರು. ಕೋರ್ಟು ದಂಡ ಕಟ್ಟಿ ಹೋಗಿ ಅಂತು. ಈ ಹುಡುಗಿ ಮತ್ತು ಸಂಗಾತಿಗಳು, ಕಟ್ಟಲ್ಲ, ಜೈಲಿಗೇ ಹೋಗ್ತೀವಿ ಅಂದರು. 49 ದಿನ ಜೈಲಿನಲ್ಲಿದ್ದರು. ಆ ವರ್ಷವೇ ಒಂದು ಮೆರವಣಿಗೆಯಲ್ಲಿ ಪೊಲೀಸರು ಮುಖಕ್ಕೇ ಅಶ್ರುವಾಯು ಹೊಡೆದರು. ಕಣ್ಣು ಹಾಳಾಯ್ತು. ಬೆಳಕು ತಡೆಯೋಕಾಗದೆ ಜೀವನಪೂರ್ತಿ ಕಪ್ಪು ಕನ್ನಡಕ ಹಾಕ್ಕೊಂಡೇ ಓಡಾಡಿದರು.

ಕೌಂಟರಿನಲ್ಲಿ ಕೂತು ಒಂದು ತಟ್ಟೆ ಊಟ ಕೇಳೋದು ಅಪರಾಧ ಅನ್ನೋದನ್ನ ಹೋಟೆಲಿನ ಎರಡು ಲೋಟದ ಪದ್ಧತಿ ಕಂಡವರಿಗೆ ನಾನೇನೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದ ಆ ತಾಯಿಗೆ ತುಂಬಾ ಇಷ್ಟ ಇದ್ದದ್ದು ದೆವ್ವದ ಸಿನಿಮಾ. ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹಾರರ್ ಸಿನಿಮಾ ನೋಡ್ತಿದ್ದರಂತೆ. ಅಮ್ಮನಿಗೆ ಅದು ಬರೀ ಮನರಂಜನೆ ಆಗಿರಲಿಲ್ಲ, ತಾನು ಕಂಡ ಜನಾಂಗೀಯ ಕ್ರೌರ್ಯದ ಗಾಯವನ್ನ ನಿಭಾಯಿಸೋ ದಾರಿ ಆಗಿತ್ತು ಅಂತ ಮಗಳು ಎಷ್ಟೋ ಕಡೆ ಹೇಳಿದ್ದಾರೆ. ನನಗೆ ಇದು ತಕ್ಷಣ ಅರ್ಥ ಆಯ್ತು. ಪರದೆ ಮೇಲಿನ ರಾಕ್ಷಸ ಎರಡು ಗಂಟೆಗೆ ಮುಗೀತಾನೆ. ಊರಿನವನು ಮುಗಿಯಲ್ಲ.

ಡ್ಯೂ ಮೊದಲು 'ಮಯಾಮಿ ಹೆರಾಲ್ಡ್' ಪತ್ರಿಕೆಯಲ್ಲಿ ವರದಿಗಾರ್ತಿ. ಅಲೌಕಿಕದ ಕತೆ ಬರೆದರೆ ಕಪ್ಪು ಲೇಖಕಿ ಅಂತ ತನ್ನನ್ನ ಯಾರೂ ಗಂಭೀರವಾಗಿ ತಗೊಳ್ಳಲ್ಲ ಅನ್ನೋ ಅಳುಕು ಆಗ ಅವರಿಗೂ ಇತ್ತು. 'ನಿಮ್ಮ ಸಮುದಾಯದ ನೋವು ಬರೀರಿ' ಅನ್ನೋ ಒತ್ತಾಯ ನಮ್ಮ ಹುಡುಗರಿಗಷ್ಟೇ ಅಲ್ಲ ನೋಡಿ. ಕೊನೆಗೆ 1995ರಲ್ಲಿ 'ದ ಬಿಟ್ವೀನ್' ಅನ್ನೋ ಮೊದಲ ಕಾದಂಬರಿ ಬಂತು. ಆಮೇಲೆ 'ಮೈ ಸೋಲ್ ಟು ಕೀಪ್', 'ದ ಗುಡ್ ಹೌಸ್'. 2003ರಲ್ಲಿ ಅಮ್ಮ ಮಗಳು ಸೇರಿ ಚಳವಳಿಯ ನೆನಪುಗಳನ್ನ 'ಫ್ರೀಡಂ ಇನ್ ದ ಫ್ಯಾಮಿಲಿ' ಅಂತ ಬರೆದರು. ಅಂದ್ರೆ ಈ ಮನೆಯಲ್ಲಿ ಒಂದೇ ಕೈ ಚಳವಳಿಯ ಚರಿತ್ರೆಯನ್ನೂ ದೆವ್ವದ ಕತೆಯನ್ನೂ ಬರೀತಿತ್ತು.

2012ರಲ್ಲಿ ಅಮ್ಮ ತೀರಿಕೊಂಡರು. ಅದಾದ ಮೇಲೆ ಫ್ಲೋರಿಡಾ ಸರ್ಕಾರದ ಕಡೆಯಿಂದ ಒಂದು ಫೋನ್ ಬಂತು. ಮರಿಯಾನಾ ಅನ್ನೋ ಊರಿನಲ್ಲಿ ಡೋಜಿಯರ್ ಅನ್ನೋ ಸರ್ಕಾರಿ ಬಾಲಾಪರಾಧಿ ಶಾಲೆ ಇತ್ತು, ಅಲ್ಲಿ ಹೂತ ಹುಡುಗರಲ್ಲಿ ನಿಮ್ಮ ಅಮ್ಮನ ಚಿಕ್ಕಪ್ಪ ಒಬ್ಬರು ಇರಬಹುದು ಅಂತ. ರಾಬರ್ಟ್ ಸ್ಟೀಫನ್ಸ್. 1937ರಲ್ಲಿ ಸತ್ತಾಗ 15 ವರ್ಷ. ಇನ್ನೊಬ್ಬ ಹುಡುಗ ಚುಚ್ಚಿ ಕೊಂದ ಅಂತ ಶಾಲೆಯ ದಾಖಲೆ. ಇಂಥ ಒಬ್ಬ ತಾತ ತನಗಿದ್ದ ಅನ್ನೋದೇ ಡ್ಯೂಗೆ ಗೊತ್ತಿರಲಿಲ್ಲ. ಜೈಲಿನಿಂದ ಹಿಡಿದು ಅಶ್ರುವಾಯುವರೆಗೆ ಎಲ್ಲ ಹೇಳಿದ್ದ ಮನೆಯಲ್ಲಿ ಈ ಒಂದು ಹೆಸರನ್ನ ಯಾರೂ ಎತ್ತಿರಲಿಲ್ಲ.

ಈ ಡೋಜಿಯರ್ ಶಾಲೆ 1900ರಿಂದ 2011ರವರೆಗೆ ನಡೀತು. 111 ವರ್ಷ. ಶಾಲೆ ತಪ್ಪಿಸಿದವರು, ಮನೆ ಬಿಟ್ಟು ಓಡಿದವರು, ಅನಾಥರು, ಯಾರ್‍ಯಾರನ್ನೋ ತಂದು ತುಂಬ್ತಿದ್ದರು. ಅಲ್ಲಿ 'ವೈಟ್ ಹೌಸ್' ಅಂತ ಒಂದು ಸಣ್ಣ ಕಟ್ಟಡ. ಹುಡುಗರನ್ನ ಚರ್ಮದ ಪಟ್ಟಿಯಲ್ಲಿ ಬಾರಿಸ್ತಿದ್ದದ್ದು ಅದರೊಳಗೆ. ಸ್ಮಶಾನ ಇದ್ದದ್ದು ಕಪ್ಪು ಹುಡುಗರ ಕಡೆ. ಅಲ್ಲಿ 31 ಶಿಲುಬೆ ನೆಟ್ಟಿದ್ದರು. ದಕ್ಷಿಣ ಫ್ಲೋರಿಡಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಎರಿನ್ ಕಿಮ್ಮರ್ಲೆ ಅವರ ತಂಡ ಅಗೆದಾಗ 55 ಗುಂಡಿ ಸಿಕ್ಕವು. ಉಳಿದ 24 ಮಕ್ಕಳಿಗೆ ಒಂದು ಕಡ್ಡಿಯನ್ನೂ ನೆಟ್ಟಿರಲಿಲ್ಲ. 2013ರಲ್ಲಿ ಆ ಅಗೆತದ ಜಾಗಕ್ಕೆ ಡ್ಯೂ ತಮ್ಮ ಅಪ್ಪ ಮತ್ತು ಮಗನ ಜೊತೆ ಹೋಗಿದ್ದರು.

ಅಲ್ಲಿಂದ ಹುಟ್ಟಿದ ಪುಸ್ತಕ 'ದ ರಿಫರ್ಮೇಟರಿ'. 2023ರಲ್ಲಿ ಬಂತು. ಕತೆ 1950ರದ್ದು, ಗ್ರೇಸ್‌ಟೌನ್ ಅನ್ನೋ ಕಲ್ಪಿತ ಊರಿನದ್ದು. ರಾಬಿ 12 ವರ್ಷದ ಹುಡುಗ. ಅಕ್ಕ ಗ್ಲೋರಿಯಾಳ ಜೊತೆ ಕೆಟ್ಟದಾಗಿ ವರ್ತಿಸಿದ ಬಿಳಿ ಜಮೀನ್ದಾರನ ಮಗನಿಗೆ ಒಂದೇ ಒಂದು ಒದೆ ಕೊಡ್ತಾನೆ. ಅಷ್ಟಕ್ಕೆ ಆರು ತಿಂಗಳು ಶಿಕ್ಷೆ. ಅಪ್ಪ ಸಂಘ ಕಟ್ಟೋಕೆ ಹೋಗಿ, ಸುಳ್ಳು ಕೇಸು ಬಿದ್ದು, ಜೀವ ಉಳಿಸ್ಕೊಳ್ಳೋಕೆ ಷಿಕಾಗೋಗೆ ಓಡಿ ಹೋಗಿದ್ದಾನೆ. ರಾಬಿಗೆ ಸತ್ತವರು ಕಾಣ್ತಾರೆ. ಆ ಶಾಲೆಯಲ್ಲಿ ಸುಟ್ಟು ಸತ್ತ ಹುಡುಗರು ಇನ್ನೂ ಅಲ್ಲೇ ಓಡಾಡ್ತಿದ್ದಾರೆ.

ಈಗ ನನ್ನನ್ನ ಹಿಡಿದು ನಿಲ್ಲಿಸಿದ ಜಾಗಕ್ಕೆ ಬರ್ತೀನಿ. ವಾರ್ಡನ್ ಹ್ಯಾಡಕ್‌ಗೆ ದೆವ್ವಗಳು ಅಲ್ಲಿವೆ ಅಂತ ಚೆನ್ನಾಗಿ ಗೊತ್ತು. ಅವನಿಗೆ ಅವುಗಳ ಕಾಟ ತಪ್ಪಬೇಕು. ಹಾಗಾಗಿ ಅವುಗಳನ್ನ ಕಾಣಬಲ್ಲ ಈ ಹುಡುಗನನ್ನೇ ಕರೆದು, ದೆವ್ವ ಹಿಡಿದುಕೊಡು, ನಿನ್ನ ಶಿಕ್ಷೆ ಕಡಿಮೆ ಮಾಡ್ತೀನಿ ಅಂತಾನೆ. ತನ್ನಂಥದ್ದೇ ಸತ್ತ ಹುಡುಗರ ವಿರುದ್ಧ ಬದುಕಿರೋ ಹುಡುಗ ಇನ್ಫಾರ್ಮರ್ ಆಗಬೇಕು. ಅಟ್ರಾಸಿಟಿ ಕೇಸಿನ ಹಿಂದೆ ಓಡಾಡಿದ ಯಾರನ್ನಾದರೂ ಕೇಳಿ, ಇದು ಅವರಿಗೆ ಕತೆ ಅನ್ನಿಸಲ್ಲ. ಕೇರಿಯೊಳಗೇ ಒಬ್ಬನನ್ನ ಹಿಡಿದು, ಅವನಿಗೊಂದು ಆಸೆ ತೋರಿಸಿ, ಅವನ ಕೈಯಲ್ಲೇ 'ಅಂಥದ್ದೇನೂ ನಡೆದಿಲ್ಲ ಸ್ವಾಮಿ' ಅನ್ನಿಸೋದು ಎಷ್ಟು ಹಳೆಯ ವಿದ್ಯೆ!

ಕಂಬಾಲಪಲ್ಲಿ ನೆನಪಿಸಿಕೊಳ್ಳಿ. 2000ದ ಮಾರ್ಚ್ 11. ಏಳು ಜನ ದಲಿತರನ್ನ ಸುಟ್ಟರು. ಸಾಕ್ಷಿಗಳು ಪ್ರತಿಕೂಲ ಆದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ದಾಖಲೆಯ ಪ್ರಕಾರ ಏಳು ಜನ ಸತ್ತಿದ್ದಾರೆ, ಕೊಂದವರು ಯಾರೂ ಇಲ್ಲ. ಡ್ಯೂ ಪುಸ್ತಕದ ದೆವ್ವಗಳು ಇಂಥ ಖಾಲಿ ಜಾಗದಲ್ಲಿ ಎದ್ದು ನಿಲ್ಲುತ್ತವೆ. ಸತ್ತ ಸಾಕ್ಷಿಯ ಮನೆ ಮುಂದೆ ರಾತ್ರಿ ಜೀಪು ನಿಲ್ಲಿಸಿ ಹೆದರಿಸೋಕಾಗಲ್ಲ, ಕೂಲಿ ತಪ್ಪಿಸೋಕಾಗಲ್ಲ. ಅದಕ್ಕೇ ವಾರ್ಡನ್‌ಗೆ ಅಷ್ಟೊಂದು ಗಾಬರಿ.

ಇದೇ ಶಾಲೆ ಬಗ್ಗೆ ಕೋಲ್ಸನ್ ವೈಟ್‌ಹೆಡ್ 2019ರಲ್ಲಿ 'ದ ನಿಕಲ್ ಬಾಯ್ಸ್' ಬರೆದಿದ್ದಾರೆ. ಪುಲಿಟ್ಜರ್ ಬಂತು. ಸಿನಿಮಾನೂ ಆಯ್ತು. ಒಳ್ಳೆಯ ಪುಸ್ತಕವೇ, ವಾಸ್ತವವಾದಿ ಬರವಣಿಗೆ. ಆದ್ರೆ ಎರಡನ್ನೂ ಓದಿ ನನಗನ್ನಿಸಿದ್ದು: ವೈಟ್‌ಹೆಡ್ ಓದಿ ಮುಗಿಸಿದಾಗ ಆ ಹುಡುಗರಿಗಾಗಿ ದುಃಖ ಆಗುತ್ತೆ. ಡ್ಯೂ ಓದುವಾಗ ಆ ಹುಡುಗರು ಪಕ್ಕದಲ್ಲಿ ನಿಂತಿರ್ತಾರೆ, ಕೋಪ ಮಾಡ್ಕೊಂಡು, ಏನೋ ಕೇಳ್ತಾ. ನಮ್ಮ ಬಗ್ಗೆ ಮರುಕ ಪಡೋ ಓದುಗರು ನಮಗೆ ಬೇಕಾದಷ್ಟಿದ್ದಾರೆ. ನಮಗೆ ಸ್ವಲ್ಪ ಹೆದರೋರೂ ಬೇಕು ಅಂತ ನನಗೆ ಅನ್ನಿಸುತ್ತೆ. ಇದನ್ನ ಸ್ಕ್ರೀನ್‌ಶಾಟ್ ತೆಗೆಯೋರು ತೆಗೀರಿ.

ಹಾರರ್ ಸಾಹಿತ್ಯ ಯಾರಿಗೆ ಯಾರ ಭಯ ಅನ್ನೋದರ ಮೇಲೆ ನಿಂತಿದೆ. ಆ ಸಾಹಿತ್ಯದ ದೊಡ್ಡಪ್ಪ ಅನ್ನಿಸಿಕೊಂಡ ಎಚ್.ಪಿ. ಲವ್‌ಕ್ರಾಫ್ಟ್ ಹಸಿ ಜನಾಂಗೀಯವಾದಿ. ಅವನ ಕತೆಗಳ ವಿಕಾರ ಜೀವಿಗಳ ಹಿಂದೆ ಇರೋದು ವಲಸಿಗರು, ಕಪ್ಪು ಜನ, ಮಿಶ್ರ ರಕ್ತ ಅಂದ್ರೆ ಅವನಿಗಿದ್ದ ಹೇಸಿಗೆ. ಮಡಿ ಮೈಲಿಗೆ ಗೊತ್ತಿರೋ ನಮಗೆ ಆ ಹೇಸಿಗೆಯ ವಾಸನೆ ಎರಡನೇ ಪುಟಕ್ಕೇ ಹತ್ತುತ್ತೆ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಗೆದ್ದವರಿಗೆ ದಶಕಗಳ ಕಾಲ ಕೊಡ್ತಿದ್ದದ್ದು ಇದೇ ಮನುಷ್ಯನ ತಲೆಯ ಪ್ರತಿಮೆ. 2011ರಲ್ಲಿ ಗೆದ್ದ ನೈಜೀರಿಯಾ ಮೂಲದ ನೆಡಿ ಒಕೊರಾಫೋರ್, ಕಪ್ಪು ಜನರನ್ನ ಇಷ್ಟು ಕೀಳಾಗಿ ಕಂಡವನ ತಲೆಯನ್ನ ನನ್ನ ಮನೆಯಲ್ಲಿ ಹೇಗೆ ಇಟ್ಕೊಳ್ಳಲಿ ಅನ್ನೋ ಪ್ರಶ್ನೆಯನ್ನ ಬಹಿರಂಗವಾಗಿ ಎತ್ತಿದರು. ಸಾಕಷ್ಟು ಜಗಳ ಆಯ್ತು. 2015ರಲ್ಲಿ ಆ ಪ್ರತಿಮೆ ಕೈಬಿಟ್ಟರು. 2024ರಲ್ಲಿ ಅದೇ ಪ್ರಶಸ್ತಿ 'ದ ರಿಫರ್ಮೇಟರಿ'ಗೆ ಬಂತು. ಓದಿದಾಗ ನಾನೊಬ್ಬನೇ ಕೂತು ನಕ್ಕೆ.

ಇನ್ನು ವಿಚಾರವಾದಿ ಗೆಳೆಯರ ಮಾತು. ಅವರ ಭಯ ಸುಳ್ಳಲ್ಲ. ಕಲ್ಯಾಣ ಕರ್ನಾಟಕದ ಕಡೆ ಭಾನಾಮತಿ ಹೆಸರಲ್ಲಿ ಬಡ ಹೆಣ್ಣುಮಕ್ಕಳನ್ನ, ನಮ್ಮವರನ್ನ ಹೇಗೆ ಹಿಂಸಿಸಿದ್ದಾರೆ ಅನ್ನೋದು ಗೊತ್ತಿರೋದೇ. 2017ರ ಮೌಢ್ಯ ನಿಷೇಧ ಕಾಯ್ದೆಗಾಗಿ ಬೀದಿಗಿಳಿದವರಲ್ಲಿ ನಾವೂ ಇದ್ದೇವೆ. ಆದ್ರೆ ಸ್ವಾಮಿ, ಮಂತ್ರವಾದಿಯ ದೆವ್ವ ಬೇರೆ, ಕತೆಗಾರನ ದೆವ್ವ ಬೇರೆ. ಮೊದಲನೆಯದನ್ನ ನಂಬಬೇಕು, ದುಡ್ಡು ಬಿಚ್ಚಬೇಕು. ಎರಡನೆಯದನ್ನ ಓದಿದರೆ ಸಾಕು. ಡ್ಯೂ ಪುಸ್ತಕ ಓದಿದ ಯಾರೂ ತಾಯತ ಕಟ್ಟಿಸ್ಕೊಳ್ಳೋಕೆ ಹೋಗಲ್ಲ. ಸರ್ಕಾರಿ ಹಾಸ್ಟೆಲು, ಬಾಲಮಂದಿರಗಳ ರಿಜಿಸ್ಟರ್ ತೆಗೆಸಿ ನೋಡಬೇಕು ಅನ್ನಿಸುತ್ತೆ.

ಇನ್ನೂ ಒಂದು. ಮೌಢ್ಯದಲ್ಲಿ ಭಯ ಯಾವಾಗಲೂ ಕೆಳಕ್ಕೆ ಹರಿಯುತ್ತೆ. ಕರಾವಳಿಯ ಅಜಲು ಪದ್ಧತಿ ನೋಡಿ. ತಮ್ಮ ಮನೆಯ ಕೇಡು ಕಳೀಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನ ಕೊರಗರಿಗೆ ತಿನ್ನಿಸ್ತಿದ್ದರು. ಅದನ್ನ ನಿಷೇಧಿಸೋಕೆ 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯ್ತು. ಸತ್ತ ಕೊರಗ ತನಿಯನಿಗೆ ಕೊರಗಜ್ಜ ಅಂತ ಕೈಮುಗಿಯೋ ನಾಡಿನಲ್ಲೇ ಬದುಕಿರೋ ಕೊರಗರಿಗೆ ಉಗುರಿನ ಅನ್ನ. ಇದಕ್ಕಿಂತ ಭಯಾನಕವಾದ ಕತೆಯನ್ನ ಯಾವ ಹಾರರ್ ಲೇಖಕನೂ ಕಲ್ಪಿಸಿಲ್ಲ. ಡ್ಯೂ ಮಾಡಿದ್ದು ಆ ಹರಿವನ್ನ ಮೇಲಕ್ಕೆ ತಿರುಗಿಸಿದ್ದು. ಅವರ ಕತೆಯಲ್ಲಿ ಬೆವರೋದು ವಾರ್ಡನ್.

ಅಮೆರಿಕದವರ ಪುಸ್ತಕ ನಮಗ್ಯಾಕೆ ಅನ್ನೋರಿಗೆ: 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್‌ಗೆ ಪತ್ರ ಬರೆದಿದ್ದು ನೆನಪಿರಲಿ. ಆ ಡುಬಾಯ್ಸ್ ಕೂಡ 1920ರಲ್ಲಿ 'ದ ಕಾಮೆಟ್' ಅಂತ ಒಂದು ಕತೆ ಬರೆದವರು. ಧೂಮಕೇತು ಬಡಿದು ನ್ಯೂಯಾರ್ಕ್ ಸ್ತಬ್ಧವಾದಾಗ ಉಳಿದ ಒಬ್ಬ ಕಪ್ಪು ಮನುಷ್ಯನ ಕತೆ. ಸಮಾಜಶಾಸ್ತ್ರಜ್ಞ ಅಂತ ಅವರಿಗೇನೂ ಮುಜುಗರ ಆಗಲಿಲ್ಲ.

ನಮ್ಮಲ್ಲಿ ಇದಿಲ್ಲ ಅಂತಲ್ಲ. ದೇವನೂರರ 'ಕುಸುಮಬಾಲೆ'ಯಲ್ಲಿ ಜೋತಮ್ಮಂದಿರು ಕೂತು ಮಾತಾಡ್ತಾರೆ, ಮಂಚಕ್ಕೂ ಬಾಯಿದೆ. ಕೊಲೆಯಾದ ಚನ್ನನ ಸುದ್ದಿ ಮನುಷ್ಯರು ನುಂಗಿಕೊಂಡಿದ್ದನ್ನ ಬೇರೆ ಯಾರೋ ಆಡಬೇಕಾಯ್ತು. ಆದ್ರೆ ಆಮೇಲೆ ನಾವು ಆ ದಾರಿ ಬಿಟ್ಟೆವು. ಆತ್ಮಕತೆ ಬರೀರಿ, ನೋವು ಬರೀರಿ ಅಂದರು, ಬರೆದೆವು. ನಮ್ಮ ಹಟ್ಟಿಗಳಲ್ಲಿ ಗುಂಡಿ ತೋಡೋರು ನಾವು, ಹೆಣ ಕಾಯೋರು ನಾವು, ತಮಟೆ ಹೊಡೆದು ಸಾವಿನ ಸುದ್ದಿ ಸಾರೋರು ನಾವು. ಸ್ಮಶಾನದ ಪಕ್ಕ ಮನೆ ಕೊಟ್ಟವರು ಅವರು. ಅಲ್ಲಿನ ಕತೆಗಳು ನಮ್ಮ ಅಜ್ಜಿಯಂದಿರ ಬಾಯಲ್ಲಿವೆ. ಹುಡುಗರು ಅವನ್ನ ಕೀಳು ಅಂದ್ಕೊಂಡು ಬಿಟ್ಟಿದ್ದಾರೆ. ಸಿನಿಮಾದವರು ಎತ್ಕೊಂಡು ಹೋಗಿ ಗೌಡರ ಮನೆಯ ದೆವ್ವ ಮಾಡ್ತಿದ್ದಾರೆ.

ಅಂದಹಾಗೆ ಡ್ಯೂ ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ಕಪ್ಪು ಜನರ ಹಾರರ್ ಬಗ್ಗೆಯೇ ಪಾಠ ಮಾಡ್ತಾರೆ. 2019ರ 'ಹಾರರ್ ನುವಾರ್' ಸಾಕ್ಷ್ಯಚಿತ್ರದ ಹಿಂದೆಯೂ ಅವರಿದ್ದಾರೆ, ಆಸಕ್ತಿ ಇರೋರು ಹುಡುಕಿ ನೋಡಿ. ಫ್ಲೋರಿಡಾ ಶಾಸನಸಭೆ 2017ರಲ್ಲಿ ಡೋಜಿಯರ್ ಹುಡುಗರ ಕ್ಷಮೆ ಕೇಳಿತು. ಬದುಕುಳಿದವರಿಗೆ ಪರಿಹಾರ ಅಂತ 2 ಕೋಟಿ ಡಾಲರ್ ಎತ್ತಿಟ್ಟದ್ದು 2024ರಲ್ಲಿ. ಅಷ್ಟೊತ್ತಿಗೆ ಆ ಹುಡುಗರೆಲ್ಲ ಮುದುಕರು.

'ರಿಫರ್ಮೇಟರಿ' ನನ್ನ ಹತ್ತಿರ ಒಂದೇ ಪ್ರತಿ ಇದೆ, ಅದೂ ಇಂಗ್ಲಿಷಿನಲ್ಲಿ. ಓದೋರು ಇನ್‌ಬಾಕ್ಸಿಗೆ ಬನ್ನಿ, ಸರದಿ ಪ್ರಕಾರ ಕೊಡ್ತೀನಿ. ಅಜ್ಜಿ ಹೇಳಿದ ಕತೆ ಇರೋರು ಕಾಮೆಂಟಿನಲ್ಲಿ ಬರೀರಿ. ಹುಣಿಸೆಮರದ ಹೆಣ್ಣು ಯಾರ ಮನೆಯ ಮಗಳು, ಅವಳನ್ನ ಅಲ್ಲಿ ನೇಣು ಹಾಕಿದ್ದು ಯಾರು ಅನ್ನೋದನ್ನೂ ಸೇರಿಸಿ.

ಜೈ ಭೀಮ್.