ಚಿತ್ರದ ಅಳತೆಯನ್ನು ನಿರ್ಧರಿಸುವವರು ಯಾರು?

ಕತ್ತಲೆ ಕೋಣೆಯಲ್ಲಿ ಕೈಯಾರೆ ಫೋಟೊ ಮುದ್ರಿಸುವ ಕಲೆ ಸತ್ತೇ ಹೋಯಿತೆಂದು ಅನೇಕರು ಭಾವಿಸಿದ್ದರು. ಹಾಗೆ ಭಾವಿಸಲು ಕಾರಣಗಳೂ ಇದ್ದವು. ಕೊಡಕ್ ಕಂಪೆನಿ ಕಪ್ಪು-ಬಿಳುಪು ಕಾಗದದ ತಯಾರಿಕೆ ನಿಲ್ಲಿಸುವುದಾಗಿ 2005ರಲ್ಲಿ ಘೋಷಿಸಿತು. 'ಇಂದು' ಎಂಬ ಹೆಸರಿನಲ್ಲಿ ಫಿಲ್ಮ್ ಮತ್ತು ಕಾಗದ ತಯಾರಿಸುತ್ತಿದ್ದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕೂಡ ಮುಚ್ಚಿಹೋಯಿತು. ಆದರೂ ಕಲೆ ಸಾಯಲಿಲ್ಲ. ಮೂಲೆ ಸೇರಿದ್ದ ಎನ್‌ಲಾರ್ಜರ್‌ಗಳ ಧೂಳು ಒರೆಸುವ ಯುವಕ ಯುವತಿಯರು ಇಂದು ಅಲ್ಲಲ್ಲಿ ಕಾಣಸಿಗುತ್ತಾರೆ. ಇದು ಸಂತೋಷದ ವಿಷಯ. ಆದರೆ ಅವರ ಜೊತೆಗೆ ಒಂದು ಹಳೆಯ ರೋಗವೂ ಮರಳಿ ಬಂದಿದೆ. ದೊಡ್ಡದಾಗಿ ಮುದ್ರಿಸಿದರೆ ಮಾತ್ರ ಅದು ಕಲೆ, ಸಣ್ಣದಾದರೆ ಬರೀ ಫೋಟೊ ಎಂಬ ಭ್ರಮೆಯೇ ಆ ರೋಗ.

ಇದನ್ನು ನಾವು ಒಪ್ಪುವುದಿಲ್ಲ. ಮೊಬೈಲಿನ ಚಿತ್ರಕ್ಕೆ ತನ್ನದೇ ಆದ ಅಳತೆ ಇಲ್ಲ. ಅದು ಅಂಗೈಯಲ್ಲೂ ಇರುತ್ತದೆ, ಹೆದ್ದಾರಿಯ ಫಲಕದ ಮೇಲೂ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಹಾಗಲ್ಲ. ಎನ್‌ಲಾರ್ಜರ್‌ನ ತಲೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿ, ಈ ಚಿತ್ರ ಇಷ್ಟೇ ಇರಲಿ ಎಂದು ಒಬ್ಬ ಮನುಷ್ಯ ತೀರ್ಮಾನಿಸಲೇಬೇಕು. ನೋಡುವವನು ಎಷ್ಟು ಹತ್ತಿರ ಬರಬೇಕು, ಚಿತ್ರದಲ್ಲಿರುವವರ ಮುಂದೆ ಹೇಗೆ ನಿಲ್ಲಬೇಕು ಎಂಬುದು ಆ ತೀರ್ಮಾನದಲ್ಲೇ ಅಡಗಿದೆ. ಅದನ್ನು ಕಾಗದದ ಪೊಟ್ಟಣಕ್ಕೋ ಗ್ಯಾಲರಿಯ ಗೋಡೆಗೋ ಬಿಟ್ಟುಕೊಡುವುದು ಜವಾಬ್ದಾರಿಯಿಂದ ನುಣುಚಿಕೊಂಡಂತೆ.

ಮೊದಲು ಪೊಟ್ಟಣದ ಲೆಕ್ಕ ನೋಡೋಣ. 35 ಮಿ.ಮೀ. ಫಿಲ್ಮಿನ ಚೌಕಟ್ಟು 24×36 ಮಿ.ಮೀ. ಅಂದರೆ 2:3ರ ಪ್ರಮಾಣ. ಆದರೆ ಕಾಗದ ಬರುವುದು 8×10, 11×14, 16×20 ಇಂಚುಗಳಲ್ಲಿ. 8×10ರ ಹಾಳೆಯನ್ನು ಅಂಚಿನಿಂದ ಅಂಚಿಗೆ ತುಂಬಿಸಲು ಹೊರಟರೆ ಚೌಕಟ್ಟಿನ ಆರನೆಯ ಒಂದು ಭಾಗವನ್ನು ಬಲಿ ಕೊಡಬೇಕು. ಆ ಭಾಗದಲ್ಲಿ ಯಾರಿದ್ದರು? ಮದುವೆಯ ಗುಂಪುಚಿತ್ರದ ಕೊನೆಯಲ್ಲಿ ಸಂಕೋಚದಿಂದ ನಿಂತ ಅಜ್ಜಿಯೋ, ಬಾಗಿಲ ಬಳಿಯ ಕೆಲಸದಾಳೋ? ಕಾಗದದ ಕಾರ್ಖಾನೆಗೆ ಅವರ ಪರಿಚಯವಿಲ್ಲ. ಪರಿಚಯವಿದ್ದವರು ಅದೇ ಹಾಳೆಯಲ್ಲಿ 6×9 ಇಂಚಿನ ಪೂರ್ಣ ಚಿತ್ರ ಮುದ್ರಿಸಿ ಸುತ್ತಲೂ ಬಿಳಿ ಅಂಚು ಬಿಡಬಹುದಲ್ಲವೇ? ಕಾಗದ ದಂಡವಾಯಿತು ಎಂದು ಗೊಣಗುವವರಿಗೆ ನಮ್ಮ ಪ್ರಶ್ನೆ ಇಷ್ಟೆ: ಕಾಗದ ದೊಡ್ಡದೋ, ಮನುಷ್ಯ ದೊಡ್ಡವನೋ?

ಇನ್ನು ಗೋಡೆಯ ವಿಷಯ. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿಯವರ 'ರೈನ್ 2' ಎಂಬ ಚಿತ್ರ 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 43 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಅದರ ಅಗಲ ಮೂರೂವರೆ ಮೀಟರಿಗಿಂತ ಹೆಚ್ಚು. ಅದು ಕಂಪ್ಯೂಟರಿನಲ್ಲಿ ತಿದ್ದಿದ ವರ್ಣಚಿತ್ರ, ಕತ್ತಲೆ ಕೋಣೆಯ ಕಪ್ಪು-ಬಿಳುಪಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಆದರೆ ಗೋಡೆ ತುಂಬಿದರೆ ಜೇಬೂ ತುಂಬುತ್ತದೆ ಎಂಬ ಪಾಠವನ್ನು ಮಾತ್ರ ಎಲ್ಲರೂ ಬೇಗ ಕಲಿತರು.

ಹಿಗ್ಗಿಸುವುದು ಪುಕ್ಕಟೆಯೂ ಅಲ್ಲ. 35 ಮಿ.ಮೀ. ನೆಗೆಟಿವನ್ನು 8×12 ಇಂಚಿಗೆ ತಂದರೆ ಅದು ಸುಮಾರು ಎಂಟೂವರೆ ಪಟ್ಟು ಹಿಗ್ಗುತ್ತದೆ. 16×24ಕ್ಕೆ ತಂದರೆ 17 ಪಟ್ಟು. ಬೆಳಕು ಅಷ್ಟೂ ಹರಡಿ ತೆಳುವಾಗುವುದರಿಂದ ಕಾಗದಕ್ಕೆ ಮೂರೂವರೆ ಪಟ್ಟು ಹೆಚ್ಚು ಹೊತ್ತು ಬೆಳಕು ಕೊಡಬೇಕು. ಧೂಳಿನ ಪ್ರತಿ ಕಣ, ಫೋಕಸಿನ ಪ್ರತಿ ತಪ್ಪು ಎರಡರಷ್ಟಾಗಿ ಎದ್ದು ಕಾಣುತ್ತದೆ. ಸಣ್ಣದರಲ್ಲಿ ಗಟ್ಟಿಯಾಗಿದ್ದ ಕಪ್ಪು ದೊಡ್ಡದರಲ್ಲಿ ಸಪ್ಪೆಯಾಗುತ್ತದೆ. ದುರ್ಬಲ ಚಿತ್ರವನ್ನು ಹಿಗ್ಗಿಸಿದರೆ ಹಿಗ್ಗುವುದು ದೌರ್ಬಲ್ಯವೇ ಹೊರತು ಚಿತ್ರವಲ್ಲ.

ಸಣ್ಣ ಚಿತ್ರದ ಮುಂದೆ ಜನ ನಿಲ್ಲುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಆಂದ್ರೆ ಕೆರ್ಟೆಸ್‌ರ ಮುಂದೆ ಜನ ಇಂದಿಗೂ ಏಕೆ ನಿಲ್ಲುತ್ತಾರೆ? ಹಂಗೇರಿಯಿಂದ ಪ್ಯಾರಿಸಿಗೆ ಬಂದ ಆ ಛಾಯಾಗ್ರಾಹಕ 1920ರ ದಶಕದಲ್ಲಿ ಪೋಸ್ಟ್‌ಕಾರ್ಡ್ ಕಾಗದದ ಮೇಲೆ ಮುದ್ರಿಸುತ್ತಿದ್ದರು. ಚಿತ್ರಕಾರ ಮೊಂಡ್ರಿಯಾನ್‌ರ ಮನೆಯಲ್ಲಿ 1926ರಲ್ಲಿ ತೆಗೆದ ಅವರ ಚಿತ್ರ, ಮೇಜಿನ ಮೇಲೊಂದು ಹೂವು, ಬಾಗಿಲಾಚೆ ಮೆಟ್ಟಿಲು, ಆ ಕಾಗದದಲ್ಲಿ ಅಂಗೈಯೊಳಗೆ ಕೂರುತ್ತದೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ದೊಣ್ಣೆ ಮೆಣಸಿನಕಾಯಿಯ ಪ್ರಖ್ಯಾತ ಚಿತ್ರ 8×10ರ ನೆಗೆಟಿವನ್ನು ನೇರವಾಗಿ ಕಾಗದದ ಮೇಲಿಟ್ಟು ಮುದ್ರಿಸಿದ್ದು. ಅಲ್ಲಿ ಹಿಗ್ಗಿಸುವಿಕೆಯೇ ಇಲ್ಲ. ಸಣ್ಣ ಚಿತ್ರ ನೋಡುಗನನ್ನು ಪತ್ರ ಓದುವಷ್ಟು ಹತ್ತಿರಕ್ಕೆ ಕರೆಯುತ್ತದೆ. ದೊಡ್ಡ ಚಿತ್ರ ಧ್ವನಿವರ್ಧಕದಂತೆ. ಎಲ್ಲ ಮಾತನ್ನೂ ಧ್ವನಿವರ್ಧಕದಲ್ಲೇ ಆಡಬೇಕೇ?

ಅಳತೆಯ ಅಧಿಕಾರ ಬೇರೆಯವರ ಕೈಸೇರಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1955ರಲ್ಲಿ ಎಡ್ವರ್ಡ್ ಸ್ಟೈಕನ್ ಏರ್ಪಡಿಸಿದ 'ಮನುಷ್ಯ ಕುಟುಂಬ' ಪ್ರದರ್ಶನದಲ್ಲಿ 503 ಚಿತ್ರಗಳಿದ್ದವು. ಯಾವುದು ಗೋಡೆಯಷ್ಟು, ಯಾವುದು ಪುಸ್ತಕದಷ್ಟು ಎಂಬುದು ಪ್ರದರ್ಶನದ ವಿನ್ಯಾಸಕ್ಕೆ ತಕ್ಕಂತೆ ತೀರ್ಮಾನವಾಯಿತು. ಆನ್ಸೆಲ್ ಆಡಮ್ಸ್‌ರ ಮೌಂಟ್ ವಿಲಿಯಂಸನ್ ಚಿತ್ರ ಹೀಗೆಯೇ ಗೋಡೆಯಷ್ಟಾಯಿತು. ಅದರ ಗುಣಮಟ್ಟ ಕಂಡು ಆಡಮ್ಸ್ ನೊಂದರು. ಅವರೇನೂ ದೊಡ್ಡ ಮುದ್ರಣದ ವೈರಿಯಲ್ಲ, ಸ್ವತಃ ಭಾರೀ ಮುದ್ರಣಗಳನ್ನು ಮಾಡಿದವರು. ಚಿತ್ರ ಅವರದು, ಅಳತೆ ಮಾತ್ರ ಇನ್ನೊಬ್ಬರದು ಎಂಬುದೇ ಅಲ್ಲಿನ ತೊಡಕು.

ನಾವೂ ದೊಡ್ಡದರ ವಿರೋಧಿಗಳಲ್ಲ. ರಿಚರ್ಡ್ ಅವೆಡಾನ್ 1979ರಿಂದ 1984ರ ವರೆಗೆ ಅಮೆರಿಕದ ಪಶ್ಚಿಮ ಭಾಗದಲ್ಲಿ ಗಣಿ ಕೆಲಸಗಾರರನ್ನು, ಕಸಾಯಿಖಾನೆಯ ಕಾರ್ಮಿಕರನ್ನು, ಅಲೆಮಾರಿಗಳನ್ನು 8×10ರ ಕ್ಯಾಮರಾದಲ್ಲಿ ಸೆರೆಹಿಡಿದು, ಆಳೆತ್ತರಕ್ಕೂ ಮೀರಿ ಮುದ್ರಿಸಿದರು. ಒಂದು ಕಾಲದಲ್ಲಿ ಅರಸರಿಗೆ, ಸೇನಾನಿಗಳಿಗೆ ಮಾತ್ರ ಸಲ್ಲುತ್ತಿದ್ದ ಅಳತೆಯದು. ಆ ಚಿತ್ರಗಳ ಬಗ್ಗೆ ತಕರಾರುಗಳಿರಬಹುದು. ಆದರೆ ಆ ಅಳತೆಗೊಂದು ಕಾರಣವಿದೆ, ಅದನ್ನು ಹೊರುವ ಶಕ್ತಿ ಆ ನೆಗೆಟಿವ್‌ಗಿದೆ. ನಾವು ಕೇಳುತ್ತಿರುವುದು ಆ ಕಾರಣವನ್ನೇ.

ಆದ್ದರಿಂದ ಕತ್ತಲೆ ಕೋಣೆಗೆ ಕಾಲಿಡುವ ಹೊಸಬರಲ್ಲಿ ನಮ್ಮ ವಿನಂತಿ: ಒಂದೇ ನೆಗೆಟಿವನ್ನು ಮೊದಲು 4×6, 6×9, 8×12 ಇಂಚುಗಳಲ್ಲಿ ಮುದ್ರಿಸಿ. ಮೂರನ್ನೂ ಒಂದು ವಾರ ಕಣ್ಣೆದುರು ಇಡಿ. ಯಾವುದರ ಬಳಿಗೆ ನೀವು ಮತ್ತೆ ಮತ್ತೆ ಹೋಗುತ್ತೀರೋ ಅದೇ ಆ ಚಿತ್ರದ ಅಳತೆ. ಅದಕ್ಕಿಂತ ದೊಡ್ಡದು ಮಾಡೆಂದು ಯಾರಾದರೂ ಒತ್ತಾಯಿಸಿದರೆ, ಏಕೆ ಎಂದು ಕೇಳಿ. 'ಗೋಡೆ ಖಾಲಿಯಿದೆ' ಎಂಬುದಷ್ಟೇ ಉತ್ತರವಾದರೆ, ಗೋಡೆ ಖಾಲಿಯೇ ಇರಲಿ.