ಹಳೆಯ ಜೀಪು, ಹೊಸ ಬ್ರೇಕು

ಕೃಷ್ಣೆ ತುಂಗಭದ್ರೆಯರ ನಡುವಿನ ನಡಿಗಡ್ಡ ಸೀಮೆಯಲ್ಲಿ, ಮಾನೋಪಾಡಿನ ಸುತ್ತಮುತ್ತ, ಎರೆಭೂಮಿ ಒದ್ದೆಯಾದಾಗ ಸಾಮಾನ್ಯ ಕಾರು ಹೊಲದ ದಾರಿ ಹಿಡಿಯಲಾರದು. ಅಂಥ ಹೊತ್ತಿನಲ್ಲಿ ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುವ ಹಳೆಯ ಜೀಪಿಗೆ ಬೆಲೆ ಬರುತ್ತದೆ. ಅದೇ ಜೀಪು ಮೆಣಸಿನಕಾಯಿ ಚೀಲಗಳನ್ನು ಹೊರುತ್ತದೆ, ಮದುವೆಗೆ ನೆಂಟರನ್ನು ಒಯ್ಯುತ್ತದೆ, ಬಸ್ಸು ತಪ್ಪಿದ ದಿನ ಮಕ್ಕಳನ್ನು ಶಾಲೆಗೆ ಮುಟ್ಟಿಸುತ್ತದೆ. ಕೆಸರಿನ ದಾರಿ ಮುಗಿದು ಹೈದರಾಬಾದು–ಕರ್ನೂಲು ನಡುವಿನ 44ನೆಯ ರಾಷ್ಟ್ರೀಯ ಹೆದ್ದಾರಿಗೆ ಏರಿದೊಡನೆ ಪ್ರಶ್ನೆ ಬೇರೆಯಾಗುತ್ತದೆ. ಅಲ್ಲಿ ಓಡುವುದಕ್ಕಿಂತ ನಿಲ್ಲುವುದು ಮುಖ್ಯ.

ನಾಲ್ಕು ಗಾಲಿಗಳ ಎಳೆತವಿದ್ದರೆ ವಾಹನ ಬೇಗ ನಿಲ್ಲುತ್ತದೆಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಎಳೆತದ ಬಲ ಕೆಸರಿನಿಂದ ಮೇಲೇಳಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ವೇಗ ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ. ಪ್ರೌಢಶಾಲೆಯ ವಿಜ್ಞಾನದ ಪಾಠದಲ್ಲಿಯೇ ಈ ಲೆಕ್ಕವಿದೆ. ಆ ಶಕ್ತಿಯೆಲ್ಲ ಶಾಖವಾಗಿ ಬ್ರೇಕ್ ಲೈನಿಂಗಿನ ಮೇಲೆ ಬೀಳುತ್ತದೆ.

ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದ್ದು 1940ರ ದಶಕದ ಕೊನೆಯ ಭಾಗದಲ್ಲಿ. ಮಾರುತಿಯ ಜಿಪ್ಸಿ ಬಂದದ್ದು 1985ರಲ್ಲಿ. ಜಿಪ್ಸಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಳೆಯ ಜೀಪುಗಳಿಗೆ ನಾಲ್ಕೂ ಕಡೆ ಡ್ರಮ್. ಹಳೆಯ ವಾಹನಕ್ಕೆ ಕಂಪನಿಯ ಬಿಡಿಭಾಗ ದೊರೆಯುವುದು ವರ್ಷದಿಂದ ವರ್ಷಕ್ಕೆ ಕಷ್ಟ. ಆದುದರಿಂದ ಹೊರಗಿನ ಮಾಲನ್ನು ಕೊಳ್ಳುವುದು ಅನಿವಾರ್ಯ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹೊರಗಿನ ಮಾಲೆಲ್ಲ ಕಳಪೆಯೂ ಅಲ್ಲ. ಚೆನ್ನೈಯ ರಾಣೆ, ಸುಂದರಂ, ಬ್ರೇಕ್ಸ್ ಇಂಡಿಯಾ ಮೊದಲಾದವು ಬ್ರೇಕಿನ ಭಾಗಗಳನ್ನೇ ತಯಾರಿಸುವ ಸಂಸ್ಥೆಗಳು. ಇಂಥವು ತಮ್ಮ ಹೆಸರಿನಲ್ಲಿಯೇ ಅಂಗಡಿಗೂ ಮಾಲು ಕಳುಹಿಸುತ್ತವೆ. ಭಯವಿರುವುದು ಹೆಸರಿಲ್ಲದ ಮಾಲಿನಿಂದ. ಅದಕ್ಕಿಂತ ಹೆಚ್ಚಾಗಿ ಪರರ ಹೆಸರನ್ನು ಕದ್ದು ಮುದ್ರಿಸಿದ ಪೆಟ್ಟಿಗೆಯಿಂದ. ಹೀಗೆ ಸುಳ್ಳು ಗುರುತು ಹಾಕುವವರಿಗೆ 1999ರ ವ್ಯಾಪಾರ ಚಿಹ್ನೆ ಕಾಯಿದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವುಂಟು. ಆದರೆ ಕಾನೂನು ಬರುವುದು ಅನಾಹುತದ ಬಳಿಕ. ಕಣ್ಣು ಮೊದಲೇ ತೆರೆದಿರಬೇಕು.

ನೋಡಬೇಕಾದದ್ದೇನು? ಒಳ್ಳೆಯ ಲೈನಿಂಗಿನ ಅಂಚಿನಲ್ಲಿ ತಯಾರಕರ ಗುರುತಿನ ಜೊತೆಗೆ ಎರಡು ಇಂಗ್ಲಿಷ್ ಅಕ್ಷರಗಳಿರುವುದುಂಟು. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಹಿಡಿತವನ್ನು, ಎರಡನೆಯದು ಹೆಚ್ಚು ಕಾದಾಗಿನ ಹಿಡಿತವನ್ನು ತಿಳಿಸುತ್ತದೆ. ‘ಇ’ ಅಕ್ಷರಕ್ಕೆ ಘರ್ಷಣೆಯ ಪ್ರಮಾಣ 0.25ರಿಂದ 0.35, ‘ಎಫ್’ ಅಕ್ಷರಕ್ಕೆ 0.35ರಿಂದ 0.45. ಕಳಪೆ ಲೈನಿಂಗು ಅಂಗಡಿಯ ಮುಂದೆ ಚೆನ್ನಾಗಿಯೇ ಹಿಡಿಯುತ್ತದೆ. ಭಾರ ಹೊತ್ತು ನಾಲ್ಕಾರು ಸಲ ತುಳಿದಾಗ ಕಾದು ಜಾರುತ್ತದೆ. ಮೋಸ ತಿಳಿಯುವುದು ಆ ಗಳಿಗೆಯಲ್ಲಿ.

ರಬ್ಬರಿನ ಕಿಟ್ಟು ಲೈನಿಂಗಿಗಿಂತ ಚಿಕ್ಕದು, ಅಪಾಯ ಮಾತ್ರ ದೊಡ್ಡದು. ಹಳೆಯ ಜೀಪುಗಳಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ಎಣ್ಣೆಯ ಸಾಲು ಇರುವುದುಂಟು. ಒಂದು ವೀಲ್ ಸಿಲಿಂಡರಿನ ರಬ್ಬರು ಹರಿದರೆ ನಾಲ್ಕೂ ಬ್ರೇಕು ಹೋದಂತೆ. ಬ್ರೇಕ್ ಆಯಿಲ್ ಮುಗಿದಿದೆಯೆಂದು ಎಂಜಿನ್ ಆಯಿಲ್ ಸುರಿದರೆ ರಬ್ಬರು ಉಬ್ಬಿ ಕೆಡುತ್ತದೆ. ಸರಿಯಾದ ಆಯಿಲ್ ಕೂಡ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿಗೆ ಕುದಿಯುವ ಕನಿಷ್ಠ ಮಟ್ಟ 205 ಡಿಗ್ರಿ ಸೆಲ್ಸಿಯಸ್; ತೇವ ಹೀರಿದ ಮೇಲೆ ಅದು 140. ಕುದಿದ ಆಯಿಲಿನಲ್ಲಿ ಗುಳ್ಳೆಯೆದ್ದು ಪೆಡಲು ಕಾಲಡಿಯಲ್ಲಿ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸುವುದು ಲೇಸು.

ಬಿಡಿಭಾಗ ಒಳ್ಳೆಯದಿದ್ದರೂ ಜೋಡಣೆ ಕೆಟ್ಟರೆ ಪ್ರಯೋಜನವಿಲ್ಲ. ಆಕ್ಸಲಿನ ಸೀಲು ಸೋರಿ ಎಣ್ಣೆ ಕುಡಿದ ಲೈನಿಂಗನ್ನು ಒರೆಸಿ ಮತ್ತೆ ಹಾಕಬಾರದು. ಸೀಲನ್ನೂ ಲೈನಿಂಗನ್ನೂ ಕೂಡಿಯೇ ಬದಲಿಸಬೇಕು. ಒಂದು ಗಾಲಿಗೆ ಹೊಸದು ಹಾಕಿದರೆ ಅದೇ ಆಕ್ಸಲಿನ ಇನ್ನೊಂದು ಗಾಲಿಗೂ ಹಾಕಬೇಕು. ಇಲ್ಲವಾದರೆ ತುಳಿದಾಗ ಜೀಪು ಒಂದು ಮಗ್ಗುಲಿಗೆ ಎಳೆಯುತ್ತದೆ. ಕೆಸರು ಹೊಕ್ಕ ಡ್ರಮ್ಮನ್ನು ಬಿಚ್ಚಿ ಶುಚಿಗೊಳಿಸುವಾಗ ಮಕ್ಕಳನ್ನು ಹತ್ತಿರ ಬಿಡಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗಾಳಿ ಊದದೆ ಒದ್ದೆ ಬಟ್ಟೆಯಿಂದ ಒರೆಸುವುದು ಸರಿಯಾದ ಕ್ರಮ.

ಹೊರಡುವ ಮೊದಲು ಮಾಡಬಹುದಾದ ಪರೀಕ್ಷೆಗೆ ಕಾಸು ಬೇಡ. ಎಂಜಿನ್ ಚಾಲೂ ಇರುವಾಗ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು. ಅದು ಮೆಲ್ಲಗೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆಯಿದೆ ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ ಎಂದರ್ಥ. ಗಾಲಿಗಳ ಒಳಮಗ್ಗುಲಲ್ಲಿ ತೇವವಿದೆಯೇ ಎಂದು ಬಗ್ಗಿ ನೋಡಬೇಕು. ಹದಿನೈದು ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿ ನವೀಕರಣಕ್ಕೆ ಅರ್ಹತಾ ತಪಾಸಣೆ ಬೇಕು. ಆದರೆ ಅದು ಐದು ವರ್ಷಕ್ಕೊಮ್ಮೆ. ಉಳಿದ ದಿನಗಳ ತಪಾಸಣೆ ಮನೆಯವರದೇ.

ಅಂಗಡಿಯಲ್ಲಿ ರಸೀದಿ ಕೇಳುವುದು, ಬಿಚ್ಚಿದ ಹಳೆಯ ಭಾಗವನ್ನು ತೋರಿಸೆಂದು ಮೆಕ್ಯಾನಿಕನಿಗೆ ಹೇಳುವುದು ಅವಿಶ್ವಾಸವಲ್ಲ. ಹಿಂದಿನ ಸೀಟಿನಲ್ಲಿ ಪಾಟಿಚೀಲ ಹಿಡಿದು ಕುಳಿತ ಮಗು ಬ್ರೇಕನ್ನು ಪರೀಕ್ಷಿಸಲಾರದು. ಅದರ ಪರವಾಗಿ ಹಿರಿಯರೇ ಕೇಳಬೇಕು.