ಮಾರಿದ ಮನೆಗೆ 99 ವರ್ಷದ ಕಪ್ಪ

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಸುತ್ತಮುತ್ತ ಮನೆ ಮಾಡಿಕೊಂಡ ಕನ್ನಡಿಗರು ಕಡಿಮೆಯೇನಿಲ್ಲ. ಅಂಥವರೊಬ್ಬರು ಹಳೆಯ ಬಡಾವಣೆಯ ಮನೆಯನ್ನು 4 ಲಕ್ಷ ಡಾಲರ್‌ಗೆ ಮಾರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಸಾಲ ಚುಕ್ತಾ ಆಗಿದೆ, ತೆರಿಗೆ ಬಾಕಿಯಿಲ್ಲ. ಅಲ್ಲಿಯವರು ‘ಕ್ಲೋಸಿಂಗ್’ ಎನ್ನುವ ಸಹಿಯ ದಿನ ಲೆಕ್ಕದ ಹಾಳೆಯಲ್ಲಿ 4,000 ಡಾಲರ್‌ನ ಸಾಲೊಂದು ಕಣ್ಣಿಗೆ ಬೀಳುತ್ತದೆ. ಯಾರಿಗಿದು? ಬಡಾವಣೆ ಕಟ್ಟಿ, ಮಾರಿ, ದುಡ್ಡೆಣಿಸಿಕೊಂಡು ಎಂದೋ ಜಾಗ ಖಾಲಿ ಮಾಡಿದ ಬಿಲ್ಡರ್‌ಗೆ.

ಇದೇ ಖಾಸಗಿ ವರ್ಗಾವಣೆ ಶುಲ್ಕ. ಮನೆ ಕೈ ಬದಲಾದಾಗಲೆಲ್ಲ ಮಾರುವವರು ಬೆಲೆಯ ಶೇ 1ರಷ್ಟು ಕಕ್ಕಬೇಕು, 99 ವರ್ಷ. ಕರಾರು ಜಮೀನಿಗೇ ಅಂಟಿಕೊಂಡಿರುತ್ತದೆ. ಕೊಡದಿದ್ದರೆ ಬಾಕಿ ಮನೆಯ ಮೇಲೆ ಋಣಭಾರವಾಗಿ ಕೂರುತ್ತದೆ. ತಮಾಷೆಯೆಂದರೆ, ಟೆಕ್ಸಾಸ್‌ನಲ್ಲಿ ಸರ್ಕಾರವೇ ಮನೆ ಮಾರಾಟಕ್ಕೆ ವರ್ಗಾವಣೆ ತೆರಿಗೆ ಹಾಕುವುದಿಲ್ಲ. 2015ರಲ್ಲಿ ಅದನ್ನು ರಾಜ್ಯದ ಸಂವಿಧಾನದಲ್ಲೇ ನಿಷೇಧಿಸಿದರು. ದೊರೆಗೇ ಇಲ್ಲದ ಕಪ್ಪ ಬಿಲ್ಡರ್‌ಗೆ!

ಫ್ರೀಹೋಲ್ಡ್ ಕ್ಯಾಪಿಟಲ್ ಪಾರ್ಟ್‌ನರ್ಸ್ ಎಂಬ ಕಂಪನಿ ಈ ಉಪಾಯವನ್ನು ಬಿಲ್ಡರ್‌ಗಳ ಮುಂದಿಟ್ಟಿತು. 2008ರ ಮನೆ ಮಾರುಕಟ್ಟೆಯ ಕುಸಿತದ ನಂತರ ಕೈ ಬರಿದಾಗಿದ್ದವರಿಗೆ ಅದು ರುಚಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆಂದೋ ಬರಲಿರುವ ಶುಲ್ಕಗಳ ಹಕ್ಕನ್ನು ಕಟ್ಟುಕಟ್ಟಾಗಿ ಹೂಡಿಕೆದಾರರಿಗೆ ಮಾರುವ ಯೋಜನೆ ಅದು. ಅಂದರೆ, ಇನ್ನೂ ಹುಟ್ಟದವರು ಮಾರಲಿರುವ ಮನೆಯ ಹೆಸರಲ್ಲಿ ಇವತ್ತೇ ದುಡ್ಡು ಎತ್ತುವುದು.

ಅವರ ಬಳಿ ವಾದವಿರಲಿಲ್ಲ ಎಂದಲ್ಲ. ರಸ್ತೆ, ಚರಂಡಿಯ ವೆಚ್ಚವನ್ನು ಮೊದಲ ಖರೀದಿದಾರನ ತಲೆಗೇ ಕಟ್ಟುವ ಬದಲು ಮುಂದಿನವರಿಗೂ ಹಂಚುತ್ತೇವೆ, ಅದರಿಂದ ಮೊದಲ ಬೆಲೆ ಇಳಿಯುತ್ತದೆ ಎನ್ನುತ್ತಿದ್ದರು. ಕಾಗದದ ಮೇಲೆ ಲೆಕ್ಕ ಕೂಡುತ್ತದೆ. ಆದರೆ ಬೆಲೆ ಇಳಿಯಬೇಕಾದರೆ ಕೊಳ್ಳುವವನಿಗೆ ಕರಾರಿನ ಸುದ್ದಿ ತಿಳಿದಿರಬೇಕಲ್ಲ? ಅದು ಕೂತಿರುವುದು ಬಡಾವಣೆಯ ನಿಬಂಧನೆಗಳ ದಪ್ಪ ಕಡತದ ನಡುವೆಲ್ಲೋ. ಮನೆ ನೋಡಲು ಹೋದವರು ಅಡುಗೆಮನೆಯ ಕಟ್ಟೆ ತಟ್ಟಿ ನೋಡುತ್ತಾರೆ, ಆ ಕಡತವನ್ನಲ್ಲ.

ನಮ್ಮ ಕರಾವಳಿಯ ಮೂಲಗೇಣಿ, ಅಂದರೆ ಶಾಶ್ವತ ಗೇಣಿ, ಬಲ್ಲವರಿಗೆ ಇದರ ವಾಸನೆ ಬೇಗ ಹತ್ತುತ್ತದೆ. ಆದರೂ ಗೇಣಿಯವನಿಗೆ ತಾನು ಗೇಣಿಯವನೆಂದು ಗೊತ್ತಿತ್ತು. ಇಲ್ಲಿ ಪೂರ್ತಿ ಬೆಲೆ ತೆತ್ತು ಮಾಲೀಕನೆಂದು ಬೀಗುವವನನ್ನು ಒಳಗಿಂದೊಳಗೇ ಒಕ್ಕಲು ಮಾಡಲಾಗಿದೆ. ಶೇ 1 ದೊಡ್ಡದೋ ಸಣ್ಣದೋ ಎಂಬ ಚರ್ಚೆ ನನಗೆ ಮುಖ್ಯವಲ್ಲ. ಮಾರಿದ ಮೇಲೂ ಮಾರದೆ ಉಳಿಸಿಕೊಂಡದ್ದೇ ಇಲ್ಲಿನ ಮೋಸ.

ರಿಯಲ್ಟರ್‌ಗಳ (ಅಂದರೆ ಮನೆ ದಲ್ಲಾಳಿಗಳ) ರಾಷ್ಟ್ರೀಯ ಸಂಘ ಇದನ್ನು ಜೋರಾಗಿಯೇ ವಿರೋಧಿಸಿತು. (ಪ್ರತಿ ಮಾರಾಟದಲ್ಲೂ ಶೇ 5–6ರಷ್ಟು ಕಮಿಷನ್ ಪಡೆದು ರೂಢಿಯಾದವರಿಗೆ ಇನ್ನೊಬ್ಬ ಪಾಲುದಾರ ಹಿಡಿಸಲಿಲ್ಲವೇನೋ!) ಹಲವು ರಾಜ್ಯಗಳು ನಿಷೇಧ ತಂದವು. ಆದರೆ ನಿಜವಾದ ಪೆಟ್ಟು ಬಿದ್ದದ್ದು ಸಾಲದ ಮೂಲಕ. ಅಲ್ಲಿ ಬ್ಯಾಂಕು ಕೊಟ್ಟ ಗೃಹಸಾಲಗಳಲ್ಲಿ ದೊಡ್ಡ ಪಾಲನ್ನು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು ಕೊಂಡುಕೊಳ್ಳುತ್ತವೆ. ಅವು ಕೊಳ್ಳದ ಸಾಲವನ್ನು ಕೊಡಲು ಬ್ಯಾಂಕು ಹಿಂದೆ ಮುಂದೆ ನೋಡುತ್ತದೆ. 2012ರಲ್ಲಿ ಅವುಗಳ ನಿಯಂತ್ರಕ ಎಫ್‌ಎಚ್‌ಎಫ್‌ಎ ಅಂತಿಮ ನಿಯಮ ಹೊರಡಿಸಿ, ಇಂಥ ಕರಾರಿರುವ ಮನೆಯ ಸಾಲವನ್ನು ಮುಟ್ಟಬೇಡಿ ಎಂದಿತು. ಶುಲ್ಕವನ್ನು ಅದು ನಿಷೇಧಿಸಲಿಲ್ಲ, ಅದರ ಊಟ ನಿಲ್ಲಿಸಿತು. ನಿವಾಸಿಗಳ ಸಂಘದಂತೆ ಆ ಬಡಾವಣೆಗೇ ಹಣ ಮರಳಿಸುವ ಶುಲ್ಕಗಳಿಗೆ ವಿನಾಯಿತಿ ಇದೆ, ಅದು ಸರಿಯೇ.

ಆದರೆ ನಿಯಮ ಅನ್ವಯಿಸುವುದು 2011ರ ಫೆಬ್ರುವರಿ 8ರಿಂದೀಚೆಗಿನ ಕರಾರುಗಳಿಗೆ ಮಾತ್ರ. ಹಿಂದಿನವನ್ನು ಹಾಗೆಯೇ ಬಿಟ್ಟಿತು. ಈ ವಿಷಯದಲ್ಲಿ ಟೆಕ್ಸಾಸ್ ಜಾಣತನ ತೋರಿತು: ಹಳೆಯ ಕರಾರಿನ ಹಕ್ಕುದಾರ ಮೂರು ವರ್ಷಕ್ಕೊಮ್ಮೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ದಾಖಲೆಯಲ್ಲಿ ಹೊಸದಾಗಿ ನೋಟಿಸ್ ಸಲ್ಲಿಸಬೇಕು, ತಪ್ಪಿದರೆ ಹಕ್ಕು ಹೋಯಿತು. ಹಾಗಾಗಿ ನಮ್ಮ ಆಸ್ಟಿನ್ ಕನ್ನಡಿಗ 4,000 ಡಾಲರ್ ಬಿಚ್ಚುವ ಮುನ್ನ ಕೌಂಟಿ ಕಚೇರಿಯ ದಾಖಲೆಯಲ್ಲಿ ಆ ನೋಟಿಸ್ ಇದೆಯೇ ಎಂದು ಹುಡುಕಿಸುವುದು ಒಳ್ಳೆಯದು. ಇದ್ದರೆ, 2009ರಲ್ಲಿ ದಾಖಲಾದ ಕರಾರಿನ ಗಡುವು 2108ರವರೆಗಿದೆ.